ಅದೇನಾ, ಬೇರೆಯಾ?

ತಿಬಿಲಿಸಿಯಿಂದ ಬಂದ ಹುಡುಗಿ
ಬೂಟಿನ ಹಿಮ ಕೊಡವಿ ಒಳಬಂದು
ಒಲೆ ಪಕ್ಕದ ಮೇಜಿನ ಮೇಲೆ
ಹನ್ನೊಂದು ಪ್ಲಾಸ್ಟಿಕ್ ನಳಿಕೆ ಸಾಲಾಗಿ ನಿಲ್ಲಿಸಿದಳು.
ಮನೆಯಲ್ಲಿ ಹನ್ನೊಂದು ಬಾಯಿ.
ಹತ್ತು ಹಾಡುವವು.
ಒಂದು ನನ್ನದು.

'ಉಗುಳಿ, ಈ ಗೆರೆ ಮುಟ್ಟುವ ತನಕ.'
ಅಣ್ಣ ಮುರ್ಜಾ, ತಳದ ದನಿಯವನು,
ಒಂದೇ ಸಲಕ್ಕೆ ತುಂಬಿಸಿ ಮೀಸೆ ಒರೆಸಿಕೊಂಡ.
ಚಿಕ್ಕಪ್ಪ ಚಿಚಿಕೋಗೆ ನಾಚಿಕೆ;
ಪರ ಹೆಣ್ಣಿನೆದುರು ಉಗುಳಿದವನಲ್ಲ, ಪಾಪ.
ನನಗೋ ಬಾಯೊಣಗಿತ್ತು.
ಊರಿನ ಸತ್ತವರನ್ನೆಲ್ಲ ದಡ ಮುಟ್ಟಿಸಿದ ಹಾಡು
ಎಂಜಲಲ್ಲಿ ಇರುತ್ತದಂತೆ!
'ನಿಂಬೆಹಣ್ಣು ನೆನೆಸಿಕೋ' ಅಂದಳು ಅತ್ತಿಗೆ.
ನೆನೆಸಿಕೊಂಡೆ.

ಆಮೇಲೆ ಕಿವಿಗೆ ಹೆಡ್‌ಫೋನು.
ಎರಡು ಸ್ವರ. ಅದೇನಾ, ಬೇರೆಯಾ?
ಅದೇ.
ಮತ್ತೆರಡು. ಅದೇ.
ಮತ್ತೆ. ಅದೇ, ಅದೇ.
'ಸರಿ ತಪ್ಪು ಅಂತೇನಿಲ್ಲ' ಅಂದಳು ಹುಡುಗಿ,
ಕಾಗದದಲ್ಲಿ ಮಾತ್ರ ಏನೋ ಗೀಚುತ್ತ.

ನನಗೆ ಗೊತ್ತಿಲ್ಲದ್ದೇ?
ಏಳನೇ ವಯಸ್ಸಿನಲ್ಲಿ, ಇಡೀ ಮೇಜು ಹಾಡುತ್ತಿದ್ದಾಗ
ನಾನೂ ಬಾಯಿ ತೆರೆದೆ.
ಅಜ್ಜ ಕೈಯೆತ್ತಲಿಲ್ಲ, ಬೈಯಲಿಲ್ಲ,
ಹಾಡುಹಾಡುತ್ತಲೇ
ಮಾಂಸ ತುಂಬಿದ ಬಿಸಿ ರೊಟ್ಟಿ ಮುರಿದು
ದೊಡ್ಡ ತುಂಡೊಂದು ನನ್ನ ಬಾಯಿಗಿಟ್ಟ.
ರುಚಿಯಾಗಿತ್ತು.
ಅಲ್ಲಿಂದಾಚೆ ಮೂವತ್ತು ವರ್ಷ,
ಯಾರಾದರೂ ಹಾಡತೊಡಗಿದರೆ
ನನಗೆ ಹಸಿವಾಗುತ್ತದೆ.

ಎಂಗುರಿ ಕಣಿವೆಯ ಅಂಚೆಯವಳು ನಾನು.
ಕಲ್ಲುಗೋಪುರದ ಮನೆಮನೆಗೆ
ಪಿಂಚಣಿ, ಕೋರ್ಟಿನ ಕಾಗದ,
ಪೋಲೆಂಡಿನಲ್ಲಿ ದುಡಿವ ಗಂಡಂದಿರ ಪೊಟ್ಟಣ
ಹೊತ್ತೊಯ್ಯುತ್ತೇನೆ. ಯಾವುದನ್ನೂ ಒಡೆದು ನೋಡಿದವಳಲ್ಲ.
ಇದನ್ನೂ ಹಾಗೇ ಹೊತ್ತಿರಬೇಕು,
ಅಜ್ಜನ ಕೈಯಿಂದ ಇಸಿದುಕೊಂಡು,
ಅಂಟು ಬಿಚ್ಚದೆ, ನೆನೆಯಗೊಡದೆ,
ವಿಳಾಸ ಸರಿಯಾಗಿ ನೋಡಿ
ಮಗಳಿಗೆ ಮುಟ್ಟಿಸಿದೆ.

ಗ್ವಾಂತ್ಸಾಗೆ ಒಂಬತ್ತು. ನಡುದನಿಯವಳು.
ಮೇಲಿನ ದನಿಗೂ ತಳದ ದನಿಗೂ ನಡುವೆ
ಹೆಪ್ಪುಗಟ್ಟಿದ ಹೊಳೆ ದಾಟುವ ಬೆಕ್ಕಿನಂತೆ
ನಡೆಯುತ್ತಾಳಂತೆ. ಕೇಳಿದವರ ಮಾತು.
ನನಗೆ ಕಾಣುವುದು
ಅವಳ ಗಂಟಲ ಕೆಳಗಿನ ಗುಳಿ ಮಿಡಿಯುವುದು,
ಮುರ್ಜಾನಂಥ ಮುರ್ಜಾ ಕಣ್ಣು ಮುಚ್ಚುವುದು.
ನೂಲಿನಂತೆ ಬಟ್ಟೆ ಎಂದವರು
ನನ್ನನ್ನು ನೋಡಿರಲಿಲ್ಲ.

ಬೇಸಿಗೆಯಲ್ಲಿ ಲಕೋಟೆ ಬಂತು. ನನ್ನ ಚೀಲಕ್ಕೇ ಬಂತು.
ಮೊದಲ ಸಲ, ದಾರಿಯಲ್ಲೇ, ಸೇತುವೆಯ ಕಟ್ಟೆಗೆ ಕೂತು
ಒಡೆದೆ.
ಇಂಥ ವರ್ಣತಂತುವಿನಲ್ಲಿ ಇಂಥದ್ದು ಇರಬಹುದು,
ಇನ್ನೂ ನೂರು ಕಡೆ ಚೂರುಚೂರು ಇರಬಹುದು,
ರೂಢಿಯ ಪಾಲೂ ಸೇರಿರಬಹುದು.
ಮೂರು ಪುಟದಲ್ಲಿ ಹದಿನೇಳು 'ಬಹುದು' ಎಣಿಸಿದೆ.
ಕೊನೆಗೆ ವಂಶವೃಕ್ಷ:
ಹಾಡುವವರಿಗೆಲ್ಲ ಕಪ್ಪು ತುಂಬಿತ್ತು.
ನಾನೊಂದು ಖಾಲಿ ವೃತ್ತ,
ರೊಟ್ಟಿಗೆ ಮುಂಚಿನ
ತೆರೆದ ಬಾಯಿ.
ಅದರಿಂದ ಕೆಳಗಿಳಿದ ಗೆರೆಯ ತುದಿಗೆ
ಪುಟ್ಟದೊಂದು, ತುಂಬಿದ್ದು.

ಮೋಡ ಇಳಿದ ಸಂಜೆ ಚುನಿರಿಯ ಚರ್ಮ ಸಡಿಲವಾಗುತ್ತದೆ.
ಕಮಾನು ಮುಟ್ಟಿಸುವ ಮುನ್ನ ಒಲೆಯೆದುರು ಕಾಯಿಸಬೇಕು.
ಅದು ಮೊದಲಿಂದ ನನ್ನ ಕೆಲಸ,
ಹಾಡು ಬಾರದವಳಿಗೆ ಕೊಟ್ಟ ಕೆಲಸ.
ಬೆರಳ ಗೆಣ್ಣಿಂದ ತಟ್ಟುತ್ತೇನೆ.
ಒದ್ದೆ ಹಿಟ್ಟು.
ತಿರುಗಿಸಿ ತಟ್ಟುತ್ತೇನೆ. ಇನ್ನೂ ಹಿಟ್ಟೇ.
ಆಮೇಲೆ, ಮೆಲ್ಲಗೆ,
ಎಂಟು ತಿಂಗಳ ಬಸುರಿಯ ಹೊಟ್ಟೆಯ ಬಿಗಿ.

ಆಚೆ ಬೆಂಚಿನ ಮೇಲೆ ಮಗಳು ಕಿವಿಯಾನಿಸಿ ಕೂತಿದ್ದಾಳೆ.
'ಸಾಕಮ್ಮಾ, ಈಗ' ಅನ್ನುತ್ತಾಳೆ.

ಅಷ್ಟರಲ್ಲಿ ಆಗಲೇ
ನಾನು ಬೆಂಕಿಯಿಂದ ಹಿಂದೆ ಸರಿಸಿದ್ದೆ.