ತೋಳಿಗೊಂದು ಮೊಳ

ಶಾರ್ಜಾದ ಇಂಡಸ್ಟ್ರಿಯಲ್ ಏರಿಯಾ, ಹತ್ತನೇ ಗಲ್ಲಿ.
ನನ್ನ ವರ್ಕ್‌ಶಾಪಿಗೆ ಬಂದವಳು ಡಾಕ್ಟರ್ ಮೌಜಾ.
ಬಾಗಿಲು ಬೇಡ, ಮಜ್ಲಿಸಿಗೆ ಕೆತ್ತನೆಯ ಸೋಫಾ ಬೇಡ,
ಒಂದು ಮೊಳದ ಕೋಲು ಬೇಕಂತೆ,
ತುದಿಯಲ್ಲಿ ಕಿರುಬೆರಳಿನ ಉಗುರಿನಷ್ಟು ಕೊಕ್ಕೆ.
'ಅಳತೆ?' ಅಂದೆ.
'ಗೊತ್ತಿಲ್ಲ. ಯಾರಿಗೂ ಗೊತ್ತಿಲ್ಲ.'
ಮೂವತ್ತು ವರ್ಷದಲ್ಲಿ ಅಂಥ ಗಿರಾಕಿ ಬಂದಿರಲಿಲ್ಲ.

ಸಮುರ್ ಮರ ತಂದೆ, ನಮ್ಮ ಜಾಲಿಯ ದಾಯಾದಿ,
ಉಳಿಯ ಬಾಯಿ ಮುರಿಯುವಷ್ಟು ಹಟ.
ಆಮೇಲೆ ಅವಳು ಉಳಿಯನ್ನೇ ಕಿತ್ತಿಟ್ಟಳು:
ಕಬ್ಬಿಣ ಕೂಡದು, ಕಲ್ಲಿನಲ್ಲೇ ಹೆರೆಯಬೇಕು.
ಕೊಟ್ಟಳು ಒಂದು ಚಕ್ಕೆ, ಫಾಯಾ ಗುಡ್ಡದ ಚಕಮಕಿ.
ಮೊದಲ ದಿನ ಮರಕ್ಕಿಂತ ಹೆಚ್ಚು
ನನ್ನ ಹೆಬ್ಬೆರಳನ್ನೇ ಹೆರೆದೆ.
ನಾಲ್ಕನೇ ದಿನ, ಎಲ್ಲಿ ಹಿಡಿಯಬೇಕೆಂದು
ಕಲ್ಲೇ ಹೇಳಿತು.

ಖರ್ಜೂರದ ಗರಿಯ ದಿಂಡಿನ ಈಟಿ, ನಾಲ್ಕೂವರೆ ಮೊಳ.
ಮೊನೆಗೆ ಚಕಮಕಿ, ಮೇಕೆಯ ನರದ ಕಟ್ಟು,
ಅಂಟಿಗೆ ಗೋಂದು, ಅದಕ್ಕಿಷ್ಟು ಇದ್ದಿಲ ಪುಡಿ.

ಮ್ಲೇಹಾದ ಬಯಲಲ್ಲಿ ಡಿಸೆಂಬರಿನ ಬೆಳಗು.
ಕಂಬಕ್ಕೆ ತೂಗಿದ ಆಡು; ಕಸಾಯಿಯ ರಶೀದಿಯೂ ಇತ್ತು ಫೈಲಿನಲ್ಲಿ.
ಪಕ್ಕಕ್ಕೆ ಮೂರು ಕಾಲಿನ ಕ್ಯಾಮೆರಾ,
ರೆಪ್ಪೆ ಬಡಿಯುವುದನ್ನೂ ನೂರು ತುಂಡು ಮಾಡುವಂಥದು.
ಹುಡುಗರು ಎಸೆದರು. ಈಟಿ ಅಡ್ಡಡ್ಡ ಬಿತ್ತು,
ಜೀಪಿನ ಬಾನೆಟ್ಟನ್ನೂ ಒಮ್ಮೆ ಕೆರೆಯಿತು.
'ಉಸ್ತಾದ್, ನೀವೊಮ್ಮೆ.'

ಗೇರುಹಣ್ಣಿಗೆ ಬಡಿಗೆ ಎಸೆದ ಬಲಗೈ ಇದು,
ಬೈಂದೂರಿನ ದರೆಯ ಮೇಲೆ, ಕದ್ದು.
ಭುಜ ಕಟಕ್ಕೆಂದಿತು.
ಮಣಿಕಟ್ಟು ಮುಗಿದಲ್ಲಿ ಮತ್ತೊಂದು ಮಣಿಕಟ್ಟು ತಿರುಗಿತು,
ಈಟಿ ಹಾವಿನಂತೆ ಬಳುಕಿ, ನೆಟ್ಟಗಾಗಿ,
ಒದ್ದೆ ಗೋಣಿಗೆ ಒದ್ದಂಥ ಸದ್ದು.

ಓಡಿಹೋಗಿ ನೋಡಿದರೆ, ಮೊನೆ ಪಕ್ಕೆಲುಬಿಗೆ ತಾಗಿ ಮುರಿದಿತ್ತು.
ನಾಲಗೆ ಕಚ್ಚಿಕೊಂಡೆ. 'ಇನ್ನೊಂದು ಮಾಡಿಕೊಡ್ತೇನೆ, ದುಡ್ಡು ಬೇಡ.'
ಅವಳೋ ಮೊಣಕಾಲೂರಿ, ಚಿಮುಟದಲ್ಲಿ ಚೂರು ಹೆಕ್ಕುತ್ತ
ನಗುತ್ತಿದ್ದಳು: ಇದೇ ಬೇಕಿತ್ತು, ಈ ಮುರುಕೇ.
ಅಗೆದು ತೆಗೆದ ಹಳೆಯ ಮೊನೆಗಳ ಬಿರುಕನ್ನು
ಇದರ ಬಿರುಕು ಹೋಲುತ್ತದೆಯೇ ನೋಡಬೇಕು.
ಮುರಿಯದ್ದನ್ನು ಮಾಡಿಯೇ ಅನ್ನ ತಿಂದ ಆಚಾರಿ ನಾನು.

'ಕೋಲು? ಅವರ ಕೋಲು ಸಿಕ್ಕಿದೆಯೇ?'
'ಮರ ಉಳಿಯುವುದಿಲ್ಲ ಉಸ್ತಾದ್, ಕಲ್ಲು ಮಾತ್ರ.
ಕೋಲು ಇತ್ತೋ ಇಲ್ಲವೋ, ಅದೇ ಪ್ರಶ್ನೆ.'

ಸಂಜೆ ಪಿಕಪ್ಪಿನಲ್ಲಿ ಮರಳುವಾಗ
ಕೋಲು ತೊಡೆಯ ಮೇಲಿತ್ತು.
ಹಿಡಿಯ ಒಳಬದಿಗೆ, ಯಾರೂ ಹೇಳದೆ,
ಹೆಬ್ಬೆರಳಿಗೊಂದು ಕುಳಿ ತೋಡಿದ್ದೆ.
ಅವನೂ ತೋಡಿರಬೇಕು.

ಬಿಲ್ಲಿನಲ್ಲಿ ಬರೆದೆ: ಕೋಲು ಒಂದು, ಮರಗೆಲಸ,
ನೂರಿಪ್ಪತ್ತು ದಿರ್ಹಮ್.
ಕುಳಿಯ ಲೆಕ್ಕ ಹಾಕಲಿಲ್ಲ.
ಭುಜ ಮೂರು ದಿನ ನೋಯಿತು.