ಸೀಸದ ನಡಿಗೆ

ಟೈರಿನಂಗಡಿಯಲ್ಲಿ ನನಗೆ ಕೆಲಸ.
ಲಾರಿ ಚಕ್ರದ ಅಂಚಿಗೆ ಬಡಿದ ಸೀಸದ ತುಂಡು
ಕಳಚಿ ಬಿದ್ದದ್ದೆಲ್ಲ ನನ್ನ ಜೇಬಿಗೆ.
ಶನಿವಾರ ಸಂಜೆ ಶಿವಮೊಗ್ಗದಲ್ಲಿ ಬಸ್ಸು ಹತ್ತಿದರೆ
ಒಂದೇ ಕಡೆ ಜೋತ ಪ್ಯಾಂಟು ನೋಡಿ ಕಂಡಕ್ಟರು,
'ಏನೋ, ಮನೆತನದ ಬೀಗದ ಗೊಂಚಲಾ?' ಅಂತಾನೆ.

ಗಾಜನೂರಿನ ಕೆಳಗೆ ಬರ್ಮಕ್ಕ ಕಾದಿರುತ್ತಾಳೆ,
ಹಿಡಿ ಮುರಿದ ಸೌಟು, ಮೂರು ಕಲ್ಲು, ಇದ್ದಿಲು.
ಒಣ ಮರಳಲ್ಲಿ ನೆಟ್ಟ ವಾಟೆಯ ಕೊಳವೆಗೆ
ಕರಗಿದ ಸೀಸ ಹುಯ್ಯುತ್ತಾಳೆ.
ಮರಳು ಹಸಿಯಿದ್ದರೆ ಸಿಡಿದು ಕಣ್ಣಿಗೇ ಹಾರುತ್ತದೆ;
ಅವಳ ಎಡ ಹುಬ್ಬಲ್ಲಿ ಕೂದಲಿಲ್ಲದ ಬೆರಳಗಲ ಜಾಗ
ಆ ಪಾಠದ ಗುರುತು.

'ಗುಂಡಗೆ ಮಾಡಿದ್ರೆ ಸಂದಿಗೆ ಸಿಕ್ಕೊಳ್ಳತ್ತೆ.
ಉದ್ದಕಿರಲಿ. ಹೊಳೆ ತಳದಾಗೆ ಅದು ನಡೀಬೇಕು,
ಕೋಲೂರಿಕೊಂಡು ಮುದುಕಿ ನಡೆದಂಗೆ.'

ಆಮೇಲೆ ತಂಗೂಸಿ.
ಸೀಸದಿಂದ ಗಾಳಕ್ಕೆ ಎರಡು ಮಾರು ಬಾಲ.
ಐದು ಸುತ್ತು ಸುತ್ತಿ, ಎಂಜಲು ಹಚ್ಚಿ, ನಿಧಾನ ಎಳಿ.
ಒಣಗಂಟು ಬಿಗಿವಾಗಲೇ ಸುಟ್ಟು ಹೋಗತ್ತೆ ಅಂತಾಳೆ.
ಗಂಡ ಹೆಂಡಿರ ಹಾಗಾ ಎಂದು ಕೇಳಿ
ಬೆನ್ನಿಗೊಂದು ಗುದ್ದು ತಿಂದಿದ್ದೇನೆ.

ಗಾಳಕ್ಕೆ ಎರೆಹುಳ ಬೇಡ. ಹಿಟ್ಟಿನುಂಡೆ ಬೇಡ.
ಚೂರು ಕೆಂಪು ಉಣ್ಣೆ, ಅದೂ ನಮ್ಮ ಸಮಾಧಾನಕ್ಕೆ.
ಮೃಗಶಿರದ ಹೊಸ ನೀರಿಗೆ ಹತ್ತುವ ಗೆಂಡೆ
ಊಟಕ್ಕೆ ಬಂದದ್ದಲ್ಲ.

ಮತ್ತೆ ಹಿಡಿಯೋದು ಹೇಗೆ?

ಮೊದಲನೆಯದು: ನೀರಿಗಿಳಿಯಬೇಡ.
ತುಂಗೆ ನಡುವಲ್ಲಿ ಎಮ್ಮೆಯಂತೆ ನುಗ್ಗುವಾಗ
ಮೀನಿನ ಸಾಲು ದಡದ ಮೆತ್ತನೆ ನೀರಲ್ಲೇ ಏರುವುದು.
ಪೇಟೆಯವರು ಸೊಂಟದ ತನಕ ಇಳಿದು
ಅದರ ದಾರಿಯ ಮೇಲೇ ನಿಂತು
ಮೀನೆಲ್ಲಿ ಮೀನೆಲ್ಲಿ ಅಂತಾರೆ.

ಓರೆಯಾಗಿ ಮೇಲಕ್ಕೆ ಎಸೆ. ಸೀಸ ತಳ ಮುಟ್ಟಲಿ.
ಟಕ್.
ಕಲ್ಲು ದಾಟಿತು. ಟಕ್.
ಕಿವಿಯಿಂದಲ್ಲ, ತೋರುಬೆರಳ ತುದಿಯಿಂದ ಕೇಳು.
ಉಸಿರಿಗೆ ಬಾಯಿ ತೆರೆದ ಮೀನಿನ ತುಟಿಯ ನಡುವೆ
ದಾರ ತಾನಾಗಿ ಹೊಕ್ಕು ಜಾರುತ್ತಾ ಜಾರುತ್ತಾ
ಟಕ್ ಅನ್ನುವುದು ಒಮ್ಮೆ ನಿಲ್ಲುತ್ತದೆ.
ಆಗ ಎಳಿ.

ಮೊದಲ ವರ್ಷ ನನಗೆ ಸಿಕ್ಕದ್ದು
ಒಂದು ಹವಾಯಿ ಚಪ್ಪಲಿ, ಯಾರದೋ ಬಲೆಯ ಕೊಳೆತ ತುಂಡು,
ಲೆಕ್ಕವಿಲ್ಲದಷ್ಟು ಬಂಡೆ.

ಈ ಸಲ ನಿಂತಿತು. ಎಳೆದೆ.
ಹೊಳೆಯೇ ಒಮ್ಮೆ ಹಿಂದಕ್ಕೆ ತಿರುಗಿದಂತಾಗಿ
ದಾರ ಬೆರಳನ್ನು ಸೀಳಿತು.
ತೋಳುದ್ದದ ಗೆಂಡೆ. ದಡದ ಹುಲ್ಲಲ್ಲಿ ಬಿದ್ದಾಗ
ನೋಡುತ್ತೇನೆ, ಗಾಳ ದವಡೆಗೆ ಹೊರಗಿನಿಂದ ಚುಚ್ಚಿದೆ.

'ಇದು ಕಚ್ಚೇ ಇಲ್ಲ, ಬರ್ಮಕ್ಕ.'
'ಇಲ್ಲ. ಅದಕ್ಕೇ ಲೆಕ್ಕ ಇರಬೇಕು.
ದಿನಕ್ಕೆ ಎರಡು. ಬೆನ್ನಿಗೆ, ಬಾಲಕ್ಕೆ ಸಿಕ್ಕಿದ್ದು ವಾಪಸು.
ಹೊಟ್ಟೆ ಒತ್ತಿ ನೋಡು.'

ಒತ್ತಿದೆ.
ಹೆಬ್ಬೆರಳ ಮೇಲೆ ಹಳದಿ ರವೆ.

ಅವಳ ಮನೆಯ ಗ್ಯಾಸು ಮುಗಿದು ನಾಲ್ಕು ದಿನವಾಗಿತ್ತು.
ಬುಟ್ಟಿ ಖಾಲಿ. ನಾನು ಅವಳ ಮುಖ ನೋಡಿದೆ,
ಅವಳು ಅಣೆಕಟ್ಟಿನ ಗೋಡೆ ನೋಡಿದಳು.
ಮೇಲೆ ಹತ್ತಿ ಬಂದದ್ದೆಲ್ಲ ಅಲ್ಲಿ ಹೇಗೂ ನಿಲ್ಲುತ್ತದೆ,
ಅದು ಇಬ್ಬರಿಗೂ ಗೊತ್ತು.
ನೀರಿನಲ್ಲಿ ಎರಡೂ ಕೈ ಚಾಚಿ, ಮೂತಿಯನ್ನು ಹರಿವಿಗೆ ಮಾಡಿ
ಹಿಡಿದಿದ್ದೆ. ಬಿಟ್ಟದ್ದು ನಾನೋ,
ಅದೇ ಜಾರಿತೋ, ಹೇಳಲಾರೆ.
ಬರ್ಮಕ್ಕ ಸೌಟು ತೊಳೆಯತೊಡಗಿದ್ದಳು.

ಸೋಮವಾರ ಅಂಗಡಿ. ಚಕ್ರ ತಿರುಗುತ್ತಿದೆ.
ಅಂಚಿಗೆ ಬೆರಳಿಟ್ಟು ತೂಕ ಎಲ್ಲಿ ಹೆಚ್ಚು ಎಂದು ಕೇಳುತ್ತಿದ್ದೇನೆ.
ಟಕ್. ಟಕ್.
ನಿಂತಿತು.
ಕೈ ತಾನಾಗಿ ಹಿಂದಕ್ಕೆ ಎಳೆಯಿತು.
ಗಲ್ಲದಿಂದ ಖಲಂದರ್ ಸಾಬರು ತಲೆಯೆತ್ತಿ,
'ಎಷ್ಟು ದೊಡ್ಡದೋ?' ಅಂದರು.