ಹದಿನೇಳರಲ್ಲಿ ಒಂದು

ಜೋಲಿಂಗನ್ನಿನ ಇಳಿಜಾರು ಬೀದಿ, ಓರ್ಟ್ರೂಡಳ ಅಂಗಡಿ.
ಗಾಜಿನಡಿ ಹಸಿರು ಮಖಮಲ್ಲು, ಹದಿನೇಳು ರೇಜರು.
ಹೆನ್ನಿಂಗನ ಕಣ್ಣು ಚಿನ್ನದ ನೀರು ಕುಡಿದದ್ದರ ಮೇಲೆ.

"ಚಿನ್ನದ ಕತ್ತಿಯೆಂದು ಕತ್ತು ಕೊಡುತ್ತಾರೇನಯ್ಯ?
ಕಣ್ಣು ಮುಚ್ಚು. ಕೈ ಚಾಚು."

ಒಂದೊಂದಾಗಿ ಅಂಗೈಗಿಟ್ಟಳು.
ಇದಕ್ಕೆ ತಲೆಯೇ ಭಾರ.
ಇದು ತೀರಾ ಹಕ್ಕಿಯ ಮೂಳೆ.
ಇದು...
ಬೆರಳು ತಾವಾಗಿಯೇ ಮಡಿಚಿಕೊಂಡವು.
ಬುಡದಲ್ಲಿ ಗೀರು ಬಿದ್ದ ಹಿತ್ತಾಳೆ,
ಹಿಡಿಯ ಸುತ್ತ ಯಾರೋ ಕೂತು ಕೊರೆದ ನವಿರು ಗೆರೆ.

ಮರುದಿನ ನಾಲ್ಕೂಕಾಲು. ಬಿಸಿನೀರು, ಕುಂಚ,
ಬಟ್ಟಲು ತುಂಬಿ ಅಂಚು ದಾಟುವ ನೊರೆ.
ಒತ್ತಬೇಡ, ಅಂದಿದ್ದಳು, ತೂಕಕ್ಕೇ ಬಿಡು.
ಬಿಟ್ಟ.

ಹೊಸ ಹಿಮದ ಮೇಲೆ ದೂರದಲ್ಲಿ ಯಾರೋ ನಡೆದ ಹಾಗೆ
ಕರಕರ, ಸಣ್ಣಗೆ,
ಕಿವಿಯ ಬುಡದಿಂದ ಗದ್ದದವರೆಗೆ.

ಗಂಟಲ ಮಣಿಯ ಪಕ್ಕ ಒಂದೇ ಕೆಂಪು ಚುಕ್ಕೆ.
ಪಟಿಕ ಒತ್ತಿ, ಕನ್ನಡಿಗೆ ಹೇಳಿದ:
ಅವಸರ ನನ್ನದು, ಅದರದಲ್ಲ.

ಮೊದಲ ಟ್ರಾಲಿಬಸ್ಸು. ಬಲಗೈ ಸ್ಟಿಯರಿಂಗಿನಲ್ಲಿ;
ನಿಲ್ದಾಣ ನಿಲ್ದಾಣಕ್ಕೂ ಎಡಗೈ ಕೆನ್ನೆಗೆ ಹೋಗುತ್ತದೆ,
ಸವರುತ್ತದೆ, ನಂಬದೆ ಮತ್ತೆ ಸವರುತ್ತದೆ.
ಎಲೆಕೋಸಿನ ಚೀಲ ಹಿಡಿದ ಮುದುಕಿ
ಮುಂದಿನ ಸೀಟಿನಿಂದ ಬಾಗಿ ಕೇಳಿದಳು:
"ಹಲ್ಲುನೋವೇನಪ್ಪ?"